‘ಇನ್ಯಾರಿದ್ದರು, ಹೆಸರು ಹೇಳು’: ಸ್ಕಾಟ್ಲೆಂಡಿನ ಮಾಟಗಾತಿಯರ ಊರುಗಳಲ್ಲಿ

ಸೋಮವಾರ, ಎಡಿನ್‌ಬರಾ

ಕೋಟೆಯ ಮುಂದಿನ ಬಯಲಿಗೆ ಕಾಲಿಡುವ ಜಾಗದಲ್ಲಿ, ಗೋಡೆಗೆ ಒತ್ತಿಕೊಂಡು ಒಂದು ಪುಟ್ಟ ಕಾರಂಜಿ ಇದೆ. ನೀರು ಬರುವುದಿಲ್ಲ. ಕೋಟೆಯ ಟಿಕೆಟ್ ಹಿಡಿದು ಓಡುವ ಜನ ಇತ್ತ ತಿರುಗಿಯೂ ನೋಡುವುದಿಲ್ಲ. ಇದರ ಹೆಸರು ‘ವಿಚಸ್ ವೆಲ್’. ಈ ಗುಡ್ಡದ ಮೇಲೆ ಸುಟ್ಟ ಮಾಟಗಾತಿಯರ ನೆನಪಿಗೆ ಅಂತ 1894ರಲ್ಲಿ ಪ್ಯಾಟ್ರಿಕ್ ಗೆಡೆಸ್ ಮಾಡಿಸಿದ್ದು. ಕೆತ್ತನೆ ಜಾನ್ ಡಂಕನ್ ಎಂಬ ಕಲಾವಿದನದು. ಗೆಡೆಸ್ ನಮಗೆ ಪೂರ್ತಿ ಹೊರಗಿನವನಲ್ಲ. ಮುಂದೆ ಭಾರತಕ್ಕೆ ಬಂದು ಇಂದೋರ್ ಸೇರಿದಂತೆ ಹಲವು ಊರುಗಳಿಗೆ ನಗರ ಯೋಜನೆ ಬರೆದವನು, ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು.

ಹತ್ತಿರ ಹೋಗಿ ನೋಡಿದೆ. ಕಂಚಿನಲ್ಲಿ ಒಂದು ಫಾಕ್ಸ್‌ಗ್ಲೋವ್ ಗಿಡ. ಮದ್ದೂ ಹೌದು, ವಿಷವೂ ಹೌದು ಅನ್ನುವಂಥ ಗಿಡ. ಅದರ ಸುತ್ತ ಹಾವು. ಎರಡು ಮುಖ, ಒಂದು ಕ್ರೂರ, ಒಂದು ಸೌಮ್ಯ. ಪಕ್ಕದ ಫಲಕದಲ್ಲಿ ವಿವರಣೆ ಇದೆ: ಕೆಲವರು ತಮ್ಮ ವಿದ್ಯೆಯನ್ನು ಕೆಟ್ಟದ್ದಕ್ಕೆ ಬಳಸಿದರು, ಇನ್ನು ಕೆಲವರು ಒಳ್ಳೆಯದನ್ನೇ ಬಯಸಿದರೂ ಜನ ತಪ್ಪು ತಿಳಿದರು ಅಂತ. ಓದಿ ನನಗೆ ಸಿಟ್ಟೇ ಬಂತು. ಸುಟ್ಟ ಮೇಲೂ ‘ಅವರಲ್ಲಿ ಕೆಲವರು ಕೆಟ್ಟವರೇ ಇದ್ದರು ಬಿಡಿ’ ಅನ್ನೋದು ಎಂಥಾ ಗೌರವ?

“ಆ ಕಾಲಕ್ಕೆ ಇಷ್ಟಾದರೂ ಮಾಡಿದನಲ್ಲ ಚಿಕ್ಕಿ” ಅಂದಳು ಸಿಂಧು. ಅಕ್ಕನ ಮಗಳು. ಇಲ್ಲೇ ಕೆಲಸ, ಲೀತ್‌ನಲ್ಲಿ ಮನೆ. ಈ ವಾರ ನನಗೆ ಡ್ರೈವರೂ ಅವಳೇ, ಗೈಡೂ ಅವಳೇ.

ಸ್ಕಾಟ್ಲೆಂಡಿನಲ್ಲಿ ಮಾಟ ಮಾಡುವುದು ಸಾಯಿಸಬೇಕಾದ ಅಪರಾಧ ಅಂತ ಕಾನೂನಾಗಿದ್ದು 1563ರಲ್ಲಿ. ಮಾಟಗಾರರ ಸಲಹೆ ಕೇಳಲು ಹೋದವರಿಗೂ ಅದೇ ಶಿಕ್ಷೆ ಅಂತ ಬರೆದರು. ಕಾನೂನು ಹೋಗಿದ್ದು 1736ರಲ್ಲಿ. ಎಡಿನ್‌ಬರಾ ವಿಶ್ವವಿದ್ಯಾಲಯದವರು ಹಳೆಯ ಕಡತಗಳನ್ನೆಲ್ಲ ಜಾಲಾಡಿ ಪಟ್ಟಿ ಮಾಡಿದಾಗ ಆರೋಪ ಹೊತ್ತವರು 3,837 ಜನ ಸಿಕ್ಕರು. ಅದರಲ್ಲಿ ಶೇ. 84ರಷ್ಟು ಹೆಂಗಸರು. ಎಲ್ಲರೂ ನಾಟಿ ಔಷಧಿ ಕೊಡುವವರು, ಸೂಲಗಿತ್ತಿಯರು ಅಂತ ನಾನು ಅಂದುಕೊಂಡಿದ್ದೆ. ಅಂಥವರು ಇದ್ದರು, ಆದರೆ ತುಂಬಾ ಕಡಿಮೆ. ಜಾಸ್ತಿ ಜನ ಬರೀ ಅಕ್ಕಪಕ್ಕದ ಮನೆಯ ಹೆಂಗಸರು. ಸಾಲ ವಾಪಸ್ ಕೇಳಿದ್ದು, ಹಾಲು ಕೊಡದಿದ್ದಕ್ಕೆ ಬೈದುಕೊಂಡು ಹೋಗಿದ್ದು, ಆಮೇಲೆ ಆ ಮನೆಯ ಹಸು ಸತ್ತಿದ್ದು. ಇಷ್ಟು ಸಾಕು.

ಊರು ನುಗ್ಗಿ ಹಿಡಿದು ಸುಟ್ಟಿದ್ದಲ್ಲ ಇದು, ಹೆಚ್ಚಿನ ಕಡೆ. ಕಾಗದಪತ್ರದ ಮೂಲಕವೇ ಆಗಿದ್ದು. ದೂರು ಮೊದಲು ಕಿರ್ಕ್ ಸೆಷನ್‌ಗೆ, ಅಂದರೆ ಪಾದ್ರಿ ಮತ್ತು ಊರ ಹಿರಿಯರ ಸಭೆಗೆ ಹೋಗುತ್ತದೆ. ಅವರು ಹೆಂಗಸನ್ನು ಕೂಡಿಹಾಕಿ ವಿಚಾರಿಸುತ್ತಾರೆ. ಮುಖ್ಯ ಹಿಂಸೆ ಅಂದರೆ ನಿದ್ದೆ ಮಾಡಲು ಬಿಡದಿರುವುದು. ಪಾಳಿ ಹಾಕಿಕೊಂಡು ಕಾವಲು ಕೂರುತ್ತಾರೆ, ಕಣ್ಣು ಮುಚ್ಚಿದರೆ ಎಬ್ಬಿಸುತ್ತಾರೆ. ಕೆಲವು ದಿನ ಹೀಗಾದರೆ ಯಾರಿಗಾದರೂ ಇಲ್ಲದ್ದು ಕಾಣುತ್ತದೆ. ಒಪ್ಪಿಕೊಂಡ ಮೇಲೆ ಕಾಗದ ಎಡಿನ್‌ಬರಾಕ್ಕೆ ಬರುತ್ತದೆ. ಪ್ರಿವಿ ಕೌನ್ಸಿಲ್, ಅಂದರೆ ರಾಜನ ಸಲಹಾ ಮಂಡಳಿ, ಒಪ್ಪಿಗೆ ಕೊಟ್ಟರೆ ಊರಿನ ಜಮೀನ್ದಾರರೇ ನ್ಯಾಯಾಧೀಶರಾಗಿ ಕೂರುತ್ತಾರೆ. ಮೊದಲು ಕತ್ತು ಬಿಗಿದು, ಆಮೇಲೆ ಸುಡುವುದು.

ಇದರ ಮಧ್ಯೆ ಒಂದು ಪ್ರಶ್ನೆ ಎಲ್ಲಾ ಊರಲ್ಲೂ ಬರುತ್ತದೆ: ನಿನ್ನ ಜೊತೆ ಇನ್ಯಾರಿದ್ದರು? ಈ ಪ್ರಯಾಣದಲ್ಲಿ ನನ್ನ ತಲೆಯಲ್ಲಿ ಉಳಿದಿದ್ದು ಆ ಪ್ರಶ್ನೆಯೇ.

ಮಂಗಳವಾರ, ನಾರ್ತ್ ಬೆರಿಕ್

ವೇವರ್ಲಿ ಸ್ಟೇಷನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಸುಂದರವಾದ ಕಡಲೂರು. ಎದುರಿಗೆ ಬಾಸ್ ರಾಕ್ ಎಂಬ ಬಂಡೆ ದ್ವೀಪ, ಗ್ಯಾನೆಟ್ ಹಕ್ಕಿಗಳು ಕೂತು ಕೂತು ಬೆಳ್ಳಗಾಗಿದೆ. ಬಂದರಿನ ಪಕ್ಕ, ಕಡಲ ಹಕ್ಕಿಗಳ ಮ್ಯೂಸಿಯಂ ಎದುರಿಗೇ ಹಳೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನ ಉಳಿಕೆ. ಉಳಿದಿರುವುದು ಒಂದು ಬಿಳಿ ಮುಖಮಂಟಪ, ಅಲ್ಲಲ್ಲಿ ಗೋಡೆಯ ಬುಡ. ಮಿಕ್ಕಿದ್ದನ್ನು 17ನೇ ಶತಮಾನದ ಬಿರುಗಾಳಿ ಕಡಲಿಗೆ ಎಳೆದುಕೊಂಡಿತು.

1590ರ ಹ್ಯಾಲೋವೀನ್ ರಾತ್ರಿ ಇಲ್ಲಿ ಸೈತಾನನೇ ಬಂದು ಪ್ರವಚನ ಮಾಡಿದ, ಮಾಟಗಾತಿಯರು ಜರಡಿಗಳಲ್ಲಿ ಕೂತು ಕಡಲು ದಾಟಿ ಬಂದರು ಅಂತ ಆರೋಪ. ಹಿಂದಿನ ವರ್ಷ ರಾಜ ಆರನೇ ಜೇಮ್ಸ್ ಡೆನ್ಮಾರ್ಕಿನ ರಾಜಕುಮಾರಿ ಆ್ಯನ್‌ಳನ್ನು ಮದುವೆಯಾಗಿದ್ದ. ಅವಳನ್ನು ಕರೆತರುವ ಹಡಗುಗಳಿಗೆ ಬಿರುಗಾಳಿ ಮೇಲೆ ಬಿರುಗಾಳಿ. ಮಾಟ ಮಾಡಿ ಬಿರುಗಾಳಿ ಎಬ್ಬಿಸಿದರು ಅಂತ ಮೊದಲು ಡೆನ್ಮಾರ್ಕಿನಲ್ಲಿ ಕೆಲವು ಹೆಂಗಸರನ್ನು ಹಿಡಿದರು. ಸುದ್ದಿ ಇಲ್ಲಿಗೂ ಬಂತು.

ಇಲ್ಲಿ ಎಲ್ಲ ಶುರುವಾಗಿದ್ದು ಒಬ್ಬ ಕೆಲಸದ ಹುಡುಗಿಯಿಂದ. ಟ್ರಾನೆಂಟ್ ಊರಿನ ಗೀಲಿಸ್ ಡಂಕನ್. ಅವಳು ರಾತ್ರಿ ಹೊತ್ತು ಮನೆಯಿಂದ ಹೊರಗೆ ಹೋಗುತ್ತಾಳೆ, ಕಾಯಿಲೆಯವರನ್ನು ವಾಸಿ ಮಾಡುತ್ತಾಳೆ ಅಂತ ಯಜಮಾನ ಡೇವಿಡ್ ಸೀಟನ್‌ಗೆ ಅನುಮಾನ. ಕೋರ್ಟಿಲ್ಲ, ಕಚೇರಿಯಿಲ್ಲ, ಮನೆಯಲ್ಲೇ ಬೆರಳುಗಳನ್ನು ತಿರುಪಿನಲ್ಲಿ ಹಿಂಡಿಸಿದ. ತಲೆಗೆ ಹಗ್ಗ ಕಟ್ಟಿ ಬಿಗಿಸಿದ. ಅವಳು ಹೆಸರು ಹೇಳಿದಳು. ಹೇಳಿದ ಹೆಸರಿನವರು ಇನ್ನಷ್ಟು ಹೆಸರು ಹೇಳಿದರು. ಔಷಧಿ ಕೊಡುತ್ತಿದ್ದ ಆಗ್ನೆಸ್ ಸ್ಯಾಂಪ್ಸನ್, ಪ್ರೆಸ್ಟನ್‌ಪ್ಯಾನ್ಸ್‌ನ ಸ್ಕೂಲ್ ಮೇಷ್ಟ್ರು ಜಾನ್ ಫಿಯನ್, ದೊಡ್ಡ ನ್ಯಾಯಾಧೀಶರ ಮಗಳು ಯೂಫೇಮ್ ಮೆಕ್ಯಾಲಿಯನ್. ರಾಜನೇ ಕೂತು ವಿಚಾರಣೆ ಮಾಡಿದ.

ಒಂದು ವಿಷಯ ಓದಿದಾಗ ಬೆಚ್ಚಿದ್ದೆ. ಚರ್ಚಿನ ಹತ್ತಿರ ಮಾಟಗಾತಿಯರು ಕುಣಿಯುವಾಗ ಗೀಲಿಸ್ ಮುಂದೆ ನಿಂತು ಮೋರ್ಸಿಂಗ್ ನುಡಿಸಿದಳಂತೆ. ನಮ್ಮ ಕಛೇರಿಗಳಲ್ಲಿ ಮೃದಂಗದ ಪಕ್ಕ ಕೂತು ಹಲ್ಲಿಗೆ ಒತ್ತಿಕೊಂಡು ನುಡಿಸುತ್ತಾರಲ್ಲ, ಅದರದೇ ಜಾತಿಯ ವಾದ್ಯ. ರಾಜ ಜೇಮ್ಸ್‌ಗೆ ಕುತೂಹಲ. ಅವಳನ್ನು ಕರೆಸಿ, ಅದೇ ಹಾಡು ನುಡಿಸು ಅಂದನಂತೆ. ತಿರುಪಿಗೆ ಸಿಕ್ಕಿ ಜಜ್ಜಿದ ಬೆರಳು. ಅದರಲ್ಲಿ ಮೋರ್ಸಿಂಗ್ ಮೀಟು ಅಂದರೆ? ಆ ಕಾಲದ ಕರಪತ್ರ ಇದನ್ನು ಮೋಜಿನ ಸಂಗತಿ ಅನ್ನುವಂತೆ ಬರೆದಿದೆ.

ಸ್ಯಾಂಪ್ಸನ್‌ಳನ್ನು 1591ರ ಜನವರಿಯಲ್ಲಿ ಎಡಿನ್‌ಬರಾದ ಕೋಟೆ ಗುಡ್ಡದ ಮೇಲೆ ಸುಟ್ಟರು. ಜೂನ್‌ನಲ್ಲಿ ಮೆಕ್ಯಾಲಿಯನ್, ಅದೂ ಕತ್ತು ಬಿಗಿಯದೆ, ಜೀವಂತವಾಗಿ. ಡಿಸೆಂಬರ್‌ನಲ್ಲಿ ಗೀಲಿಸ್‌ಳ ಸರದಿ ಬಂತು. ಸಾಯುವ ಮುಂಚೆ ಅವಳು, ಮೆಕ್ಯಾಲಿಯನ್ ಮತ್ತು ಇನ್ನೊಬ್ಬ ಆರೋಪಿ ಬಾರ್ಬರಾ ನೇಪಿಯರ್ ಮೇಲೆ ತಾನು ಹೇಳಿದ್ದೆಲ್ಲ ಸುಳ್ಳು, ತನ್ನಿಂದ ಹೇಳಿಸಿದರು ಅಂದಳು. ಹೇಳಿ ಏನು ಪ್ರಯೋಜನ, ಮೆಕ್ಯಾಲಿಯನ್ ಬೂದಿಯಾಗಿ ಆರು ತಿಂಗಳಾಗುತ್ತಾ ಬಂದಿತ್ತು.

ವಾಪಸ್ ಬರುವಾಗ ಪ್ರೆಸ್ಟನ್‌ಪ್ಯಾನ್ಸ್‌ನಲ್ಲಿ ಇಳಿದೆವು. ಇಲ್ಲಿನ ಹಳೆಯ ಬ್ಯಾರನ್ ಕೋರ್ಟು, ಅಂದರೆ ಜಮೀನ್ದಾರಿ ಕಾಲದ ನ್ಯಾಯಾಲಯ, ತನ್ನ ಅಧಿಕಾರ ಮುಗಿಯುವ ಹೊತ್ತಿಗೆ, 2004ರಲ್ಲಿ, 81 ಜನರಿಗೆ ಕ್ಷಮಾದಾನ ಕೊಟ್ಟಿತು. ಅವರ ಬೆಕ್ಕುಗಳಿಗೂ ಸೇರಿಸಿ! ನೋಡಲು ಹೆಚ್ಚೇನಿಲ್ಲ. ಮಳೆ ಬಂತು, ಟೀ ಕುಡಿದು ಮುಂದಿನ ರೈಲು ಹಿಡಿದೆವು.

ಬುಧವಾರ, ಕೂರಸ್ ಮತ್ತು ಟೊರಿಬರ್ನ್

ಬಾಡಿಗೆ ಕಾರು ತಗೊಂಡು ಫೋರ್ತ್ ಕೊಲ್ಲಿಯ ಆಚೆ ಫೈಫ್ ಕಡೆಗೆ. ಕೂರಸ್ ಅಂದರೆ ಕಲ್ಲು ಹಾಸಿನ ಓಣಿಗಳು, ಹಳದಿ ಬಳಿದ ಅರಮನೆ, ಸಿನಿಮಾದವರಿಗೆ ಇಷ್ಟವಾದ ಊರು. ಚೌಕದಲ್ಲಿರುವ ಟೌನ್ ಹೌಸ್‌ನ ಅಟ್ಟದಲ್ಲೇ ಆರೋಪಿ ಹೆಂಗಸರನ್ನು ಕೂಡಿಹಾಕುತ್ತಿದ್ದರು. ಕೆಳಗೆ ನಿಂತು ತಲೆ ಎತ್ತಿದರೆ ಚೆಂದದ ಗಡಿಯಾರ ಗೋಪುರ ಕಾಣುತ್ತದೆ. ಫೋಟೋಗೆ ಹೇಳಿ ಮಾಡಿಸಿದ ಹಾಗಿದೆ. ನಾವೂ ತೆಗೆದುಕೊಂಡೆವು, ಸುಳ್ಳು ಯಾಕೆ ಹೇಳಲಿ.

ಕೂರಸ್ ಹೆಸರು ಇನ್ನೊಂದು ಊರಿನ ಲೆಕ್ಕಪತ್ರದಲ್ಲಿ ಬರುತ್ತದೆ. 1633ರಲ್ಲಿ ಕರ್ಕಾಡಿಯಲ್ಲಿ ವಿಲಿಯಂ ಕೋಕ್ ಮತ್ತು ಅವನ ಹೆಂಡತಿ ಆಲಿಸನ್ ಡಿಕ್ ಇಬ್ಬರನ್ನೂ ಸುಟ್ಟರು. ಅದರ ಖರ್ಚಿನ ಪಟ್ಟಿ ಉಳಿದುಕೊಂಡಿದೆ. ಸುಡಲು 10 ಹೇರು ಕಲ್ಲಿದ್ದಲು. ಒಂದು ಡಾಂಬರು ಪೀಪಾಯಿ, 14 ಶಿಲ್ಲಿಂಗ್. ಹಗ್ಗಕ್ಕೆ 6 ಶಿಲ್ಲಿಂಗ್. ಇಬ್ಬರಿಗೂ ತೊಡಿಸಲು ಒರಟು ಬಟ್ಟೆ, ಅದರ ಹೊಲಿಗೆ ಕೂಲಿ ಬೇರೆ 8 ಶಿಲ್ಲಿಂಗ್. ಕೊಲ್ಲುವವನು ಬಂದಿದ್ದು ಕೂರಸ್‌ನಿಂದ, ಅವನ ಸಂಭಾವನೆ, ಊಟ-ವಸತಿಯ ಖರ್ಚೂ ಇದೆ. ಕತೆಗಳಲ್ಲಿ ಕಾಣುವ ಹುಚ್ಚು ಆವೇಶ ಇಲ್ಲಿ ಕಾಣಲ್ಲ. ಯಾರೋ ಗುಮಾಸ್ತ ಕೂತು ಕೂಡಿಸಿ ಬರೆದಿದ್ದಾನೆ. ಹೊಲಿಗೆ ಕೂಲಿ 8 ಶಿಲ್ಲಿಂಗ್ ಅನ್ನುವುದು ನನ್ನನ್ನು ಬಿಡಲೇ ಇಲ್ಲ. ನಾಳೆ ಸುಡುವ ಬಟ್ಟೆಗೆ ದರ್ಜಿ ಅಳತೆ ತಗೊಂಡಿದ್ದನಾ?

ಟೊರಿಬರ್ನ್ ಅಲ್ಲಿಂದ ಹತ್ತಿರ. ಇಲ್ಲಿಗೆ ಬರುವವರು ಮೊದಲು ಇಳಿತದ ವೇಳಾಪಟ್ಟಿ ನೋಡಿಕೊಳ್ಳಿ. ನೀರು ಇಳಿದಾಗ ಮಾತ್ರ ಕಾಣುವ ಜಾಗ ಇದು. ಬೂಟು ಕೆಸರಲ್ಲಿ ಹೂತು ಹೋಗುತ್ತದೆ, ಹುಷಾರು. ರೈಲು ಹಳಿಯ ಆಚೆ, ಕಡಲ ಪಾಚಿ ಹೊದ್ದ ಕಲ್ಲುಗಳ ನಡುವೆ ಒಂದು ಕಲ್ಲು ಮಾತ್ರ ಚಪ್ಪಟೆ, ಕಡಿದು ತಂದಿಟ್ಟ ಹಾಗೆ. ಅರ್ಧ ಟನ್ ತೂಕವಂತೆ. ಅದರ ಕೆಳಗೆ 1704ರಲ್ಲಿ ಲಿಲಿಯಸ್ ಏಡಿಯನ್ನು ಹೂತರು.

ಲಿಲಿಯಸ್ ವಯಸ್ಸಾದ ಬಡ ಹೆಂಗಸು. ನೆರೆಯವಳೊಬ್ಬಳು ಕುಡಿದ ಮತ್ತಿನಲ್ಲಿ ಅವಳ ಮೇಲೆ ಆರೋಪ ಹೊರಿಸಿದಳು. ಅಷ್ಟಕ್ಕೇ ಜೈಲು. ಪಾದ್ರಿ ಅಲನ್ ಲೋಗನ್ ಮತ್ತು ಹಿರಿಯರು ತಿಂಗಳಗಟ್ಟಲೆ ಅಲ್ಲ, ವಾರಗಳಲ್ಲೇ ಅವಳನ್ನು ಒಪ್ಪಿಸಿದರು. ಸೈತಾನನ ಜೊತೆ ಸಂಬಂಧ ಇತ್ತು ಅಂದಳು, ಎಲ್ಲಿ ಭೇಟಿಯಾದ, ಯಾವ ಟೋಪಿ ಹಾಕಿದ್ದ, ಅದೆಲ್ಲ ಹೇಳಿದಳು. ಆಮೇಲೆ ಅದೇ ಪ್ರಶ್ನೆ ಬಂತು. ಇನ್ಯಾರಿದ್ದರು?

ಅವಳು ಕೊಟ್ಟ ಉತ್ತರ ನೋಡಿ. ಅಲ್ಲಿ ಬಂದವರೆಲ್ಲ ದೊಡ್ಡ ಮನೆಯ ಹೆಂಗಸರ ಹಾಗೆ ಮುಖಕ್ಕೆ ಮುಸುಕು ಹಾಕಿಕೊಂಡಿದ್ದರು, ನನಗೆ ಗುರುತು ಸಿಗಲಿಲ್ಲ. ಆಗಲೇ ಬಯಲಾಗಿದ್ದ ಹೆಸರುಗಳನ್ನೇ ತಿರುಗಿಸಿ ಹೇಳಿದಳು, ಹೊಸದು ಕೊಡಲಿಲ್ಲ. ತನ್ನ ಮೇಲಿನದ್ದನ್ನು ಒಪ್ಪಿಕೊಂಡವಳು, ಓದು ಬರಹ ಇಲ್ಲದವಳು, ನಿದ್ದೆಗೆಟ್ಟವಳು, ಆ ಸ್ಥಿತಿಯಲ್ಲಿ ಇಂಥ ಉಪಾಯ ಹೊಳೆದಿದ್ದು ಹೇಗೆ? ರಾಜನ ಎದುರು ನಿಂತ ಎಷ್ಟೋ ಜನರಿಂದ ಆಗಲಿಲ್ಲ. ಅವರನ್ನು ತಪ್ಪು ಅನ್ನುತ್ತಿಲ್ಲ, ತಿರುಪಿಗೆ ಬೆರಳು ಕೊಟ್ಟರೆ ನಾನು ಇಡೀ ಬೀದಿಯ ಹೆಸರು ಹೇಳುತ್ತೇನೆ.

ತೀರ್ಪು ಬರುವ ಮೊದಲೇ ಅವಳು ಜೈಲಿನಲ್ಲಿ ಸತ್ತಳು. ಆತ್ಮಹತ್ಯೆ ಇರಬಹುದು ಅಂತಾರೆ. ಚರ್ಚಿನ ನೆಲದಲ್ಲಿ ಜಾಗ ಇಲ್ಲ. ಉಬ್ಬರ ಇಳಿತಗಳ ನಡುವಿನ ಕೆಸರಲ್ಲಿ ಹೂತು, ಎದ್ದು ಬರಬಾರದು ಅಂತ ಮೇಲೆ ಚಪ್ಪಡಿ ಎಳೆದರು.

ಆದರೂ ಬಿಡಲಿಲ್ಲ. 19ನೇ ಶತಮಾನದಲ್ಲಿ ಹಳೇ ವಸ್ತು ಕೂಡಿಡುವ ಹವ್ಯಾಸದವರು ಅಗೆದು ತಲೆಬುರುಡೆ ಒಯ್ದರು. ಶವಪೆಟ್ಟಿಗೆಯ ಮರದಲ್ಲಿ ಊರುಗೋಲು ಮಾಡಿ, ಪಕ್ಕದ ಡನ್‌ಫರ್ಮ್ಲಿನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಉಕ್ಕಿನ ದೊರೆಯಾದ ಆ್ಯಂಡ್ರ್ಯೂ ಕಾರ್ನೆಗಿಗೆ ಕೊಟ್ಟರು! ಬುರುಡೆ 1938ರಲ್ಲಿ ಗ್ಲಾಸ್ಗೋ ವಸ್ತುಪ್ರದರ್ಶನದಲ್ಲಿತ್ತು, ಆಮೇಲೆ ನಾಪತ್ತೆ. ಅದರ ಹಳೆಯ ಫೋಟೋಗಳು ಮಾತ್ರ ಉಳಿದಿದ್ದವು. 2017ರಲ್ಲಿ ಡಂಡೀ ವಿಶ್ವವಿದ್ಯಾಲಯದವರು ಆ ಫೋಟೋಗಳಿಂದಲೇ ಅವಳ ಮುಖ ಮಾಡಿದರು. ಸಿಂಧು ಫೋನಿನಲ್ಲಿ ತೋರಿಸಿದಳು. ಕೆನ್ನೆ ಸುಕ್ಕಾದ, ಏನೋ ಕೇಳಿಸಿಕೊಳ್ಳುತ್ತಿರುವಂಥ ಮುಖ. “ನಮ್ಮ ಅಜ್ಜಿಯ ಜೊತೆ ಜಗುಲಿಯಲ್ಲಿ ಕೂರಿಸಿದರೆ ಹೊಂದಿಕೊಳ್ಳುತ್ತಾಳೆ” ಅಂದಳು.

ದಡದ ದಾರಿಯಲ್ಲಿ 2019ರಲ್ಲಿ ಕೂರಸ್, ವ್ಯಾಲಿಫೀಲ್ಡ್, ಟೊರಿಬರ್ನ್ ಮೂರೂ ಕಡೆ ಇಂಥ ಹೆಂಗಸರ ನೆನಪಿಗೆ ಲೋಹದ ದುಂಡು ಫಲಕ ಹಾಕಿದ್ದಾರೆ. ನೀರು ಏರತೊಡಗಿತು, ಮೇಲೆ ಬಂದೆವು.

ಗುರುವಾರ, ಪಿಟ್ಟನ್‌ವೀಮ್

ಮೀನಿನ ವಾಸನೆ, ಬಣ್ಣದ ದೋಣಿ, ಕಡಲಿಗಿಳಿಯುವ ಕಡಿದಾದ ಓಣಿಗಳು. ಚರ್ಚಿಗೆ ಅಂಟಿಕೊಂಡೇ ಟೋಲ್‌ಬೂತ್ ಗೋಪುರ, ಅದೇ ಜೈಲು.

ಇಲ್ಲಿನ ಕತೆ ಶುರುವಾಗಿದ್ದು ಮೊಳೆಗಳಿಂದ. 1704ರಲ್ಲಿ ಬಿಯಾಟ್ರಿಕ್ಸ್ ಲೈಂಗ್ ಎಂಬ ಹೆಂಗಸು ಕಮ್ಮಾರನ ಅಂಗಡಿಗೆ ಹೋಗಿ ಮೊಳೆ ಮಾಡಿಕೊಡು ಅಂದಳು. ಗಂಡ ದರ್ಜಿ, ಒಂದು ಕಾಲಕ್ಕೆ ಊರಿನ ಖಜಾಂಚಿಯೂ ಆಗಿದ್ದವನು. ಅಂಗಡಿಯಲ್ಲಿದ್ದ ಪ್ಯಾಟ್ರಿಕ್ ಮಾರ್ಟನ್ 16 ವರ್ಷದ ಹುಡುಗ. ಹಡಗಿನ ಕೆಲಸ ಇದೆ, ಆಗಲ್ಲ ಅಂದ. ಅವಳು ಗೊಣಗುತ್ತಾ ಹೋದಳು. ಮರುದಿನ ಅವಳ ಮನೆ ಮುಂದೆ ನೀರಿನ ಪಾತ್ರೆಯಲ್ಲಿ ಕೆಂಡ ಹಾಕಿದ್ದನ್ನು ನೋಡಿದ. ಆಮೇಲೆ ಕೈಕಾಲು ಬಿದ್ದಂತಾಯ್ತು, ಹೊಟ್ಟೆ ಉಬ್ಬಿತು, ಮೈಮೇಲೆ ಗೀರು.

ಬೀದರ್, ಕಲಬುರಗಿ ಕಡೆ ‘ಬಾನಾಮತಿ ಮಾಡಿಸಿದಳು’ ಅಂತ ಹೆಂಗಸರಿಗೆ ಹೊಡೆದ ಸುದ್ದಿ ಓದಿಕೊಂಡೇ ಬೆಳೆದವಳು ನಾನು. ನಮ್ಮಲ್ಲಿ ಇದರ ವಿರುದ್ಧ ಕಾಯ್ದೆ ಆಗಿದ್ದು 2017ರಲ್ಲಿ. ಹಾಗಾಗಿ ನೀರು, ಕೆಂಡ, ಗೊಣಗಾಟ ಅಂದಕೂಡಲೇ ಊರು ಏನು ಅಂದುಕೊಂಡಿರುತ್ತೆ ಅಂತ ಯಾರೂ ವಿವರಿಸಬೇಕಾಗಲಿಲ್ಲ.

ಪಾದ್ರಿ ಪ್ಯಾಟ್ರಿಕ್ ಕೂಪರ್ ಆ ಹುಡುಗನಿಗೆ ಪೈಸ್ಲಿಯ ಪ್ರಕರಣ ಓದಿ ಹೇಳಿದ್ದ ಅಂತ ಆಗಲೇ ಜನ ದೂರಿದ್ದರು. ಪೈಸ್ಲಿಯಲ್ಲಿ 1697ರಲ್ಲಿ ಕ್ರಿಶ್ಚಿಯನ್ ಶಾ ಎಂಬ 11 ವರ್ಷದ ಹುಡುಗಿಯ ಮಾತಿನ ಮೇಲೆ ಹಲವರನ್ನು ಕೊಂದಿದ್ದರು. ಈ ಹುಡುಗನಿಗೆ ಪಾಠ ಸಿಕ್ಕಿತ್ತು ಅನ್ನಿ. ಲೈಂಗ್‌ಳನ್ನು ಐದು ಹಗಲು ಐದು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ, ಸೂಜಿ ಚುಚ್ಚಿದರು. ಹೆಸರು ಹೇಳಿದಳು, ಆಮೇಲೆ ಎಲ್ಲ ಸುಳ್ಳು ಅಂದಳು. ಅದಕ್ಕೆ ಐದು ತಿಂಗಳು ಕತ್ತಲೆ ಕೋಣೆ. ಅದೇ ಪ್ರಕರಣದಲ್ಲಿ ಸಿಕ್ಕಿಬಿದ್ದ ಥಾಮಸ್ ಬ್ರೌನ್ ಎಂಬವನು ಜೈಲಿನಲ್ಲೇ ಹಸಿವಿನಿಂದ ಸತ್ತ.

ಆದರೆ ಎಡಿನ್‌ಬರಾದವರು ಬದಲಾಗಿದ್ದರು. ದೊಡ್ಡವರು ಬಂದು ವಿಚಾರಿಸಿ, ಹುಡುಗ ನಾಟಕ ಆಡುತ್ತಿದ್ದಾನೆ ಅಂದರು. ಹೆಂಗಸರು ಬಿಡುಗಡೆಯಾದರು. ಕಾನೂನು ಕೈಬಿಟ್ಟಿದ್ದನ್ನು ಊರು ಬಿಡಲಿಲ್ಲ. ಆರೋಪ ಹೊತ್ತವರಲ್ಲಿ ಒಬ್ಬಳಾದ ಜಾನೆಟ್ ಕಾರ್ನ್‌ಫುಟ್ ಜೈಲಿನಿಂದ ತಪ್ಪಿಸಿಕೊಂಡು ಹೋಗಿದ್ದಳು. ಅವಳನ್ನು ಹಿಡಿದು ವಾಪಸ್ ಕಳಿಸಿದರು. 1705ರ ಜನವರಿ 30ರ ರಾತ್ರಿ ಜನ ಅವಳನ್ನು ಕಾಲು ಹಿಡಿದು ಬಂದರಿಗೆ ಎಳೆದರು. ಹಡಗಿಗೂ ದಡಕ್ಕೂ ಹಗ್ಗ ಕಟ್ಟಿ ಅದರಲ್ಲಿ ತೂಗಾಡಿಸಿ ಕಲ್ಲು ಹೊಡೆದರು. ಕೊನೆಗೆ ಮೈಮೇಲೆ ಒಂದು ಬಾಗಿಲು ಹಾಕಿ, ಅದರ ಮೇಲೆ ಕಲ್ಲು ಪೇರಿಸಿದರು. ಒಬ್ಬ ಕುದುರೆ ಗಾಡಿ ಹತ್ತಿಸಿದ. ಒಬ್ಬರಿಗೂ ಶಿಕ್ಷೆ ಆಗಲಿಲ್ಲ.

ಬಾಗಿಲು ಎಲ್ಲಿಂದ ಬಂತು? ಯಾರೋ ಮನೆಯಿಂದ ಕಳಚಿ ತಂದಿರಬೇಕು. ಬೆಳಗ್ಗೆ ತೊಳೆದು ಮತ್ತೆ ಕೂರಿಸಿದರಾ? ಬಂದರಿನ ಕಟ್ಟೆ ಮೇಲೆ ಕೂತು ಮೀನು-ಚಿಪ್ಸ್ ತಿನ್ನುವ ಪ್ಲಾನ್ ಇತ್ತು. ಮೂರು ಕಿಲೋಮೀಟರ್ ಮುಂದೆ ಹೋಗಿ ಆನ್‌ಸ್ಟ್ರದರ್‌ನಲ್ಲಿ ತಿಂದೆವು.

ಶುಕ್ರವಾರ, ಡನಿಂಗ್

ಉತ್ತರಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ನಿಂತಿದ್ದು ಅಷ್ಟೆ. ಹೊಲದ ಅಂಚಿನಲ್ಲಿ ಒರಟು ಕಲ್ಲುಗಳನ್ನು ಪೇರಿಸಿ, ತುದಿಯಲ್ಲಿ ಶಿಲುಬೆ ಇಟ್ಟಿದ್ದಾರೆ. ಬಿಳಿ ಅಕ್ಷರದಲ್ಲಿ: ಮ್ಯಾಗಿ ವಾಲ್, ಇಲ್ಲಿ 1657ರಲ್ಲಿ ಮಾಟಗಾತಿ ಎಂದು ಸುಟ್ಟದ್ದು. ಯಾರೋ ಆಗಾಗ ಬಣ್ಣ ಬಳಿಯುತ್ತಾರೆ, ಹೂವು, ನಾಣ್ಯ ಇಟ್ಟು ಹೋಗುತ್ತಾರೆ. ತಮಾಷೆ ಏನೆಂದರೆ ಮ್ಯಾಗಿ ವಾಲ್ ಎಂಬ ಹೆಸರು ಯಾವ ವಿಚಾರಣೆಯ ದಾಖಲೆಯಲ್ಲೂ ಇಲ್ಲ. ಇದ್ದವಳು ಕೆಸರಲ್ಲಿ, ಇದ್ದಳೋ ಇಲ್ಲವೋ ಗೊತ್ತಿಲ್ಲದವಳಿಗೆ ಇಷ್ಟೆತ್ತರದ ಗುಡಿ. ಸಿಂಧು ಚೀಲದಿಂದ ಒಂದು ರೂಪಾಯಿ ನಾಣ್ಯ ಹುಡುಕಿ ಇಟ್ಟಳು.

ಶನಿವಾರ, ಡಾರ್ನಾಕ್

ರಾತ್ರಿ ಇನ್ವರ್ನೆಸ್‌ನಲ್ಲಿ ಉಳಿದು, ಬೆಳಗ್ಗೆ ಡಾರ್ನಾಕ್‌ಗೆ. ಗಾಲ್ಫ್‌ಗೆ ಹೆಸರಾದ ಊರು. 13ನೇ ಶತಮಾನದ ಕೆಥೀಡ್ರಲ್ ಇದೆ. ಲಿಲಿಯಸ್‌ಳ ಊರುಗೋಲು ಪಡೆದ ಕಾರ್ನೆಗಿ ಕೊಂಡ ಸ್ಕಿಬೋ ಕೋಟೆಯೂ ಇಲ್ಲೇ ಪಕ್ಕದಲ್ಲಿ. ಗಾಲ್ಫ್ ಮೈದಾನದ ಹತ್ತಿರದ ಲಿಟಲ್‌ಟೌನ್ ಎಂಬ ಬೀದಿಯಲ್ಲಿ, ಒಂದು ತೋಟದ ಹುಲ್ಲಿನಲ್ಲಿ ಮೊಣಕಾಲೆತ್ತರದ ಕಲ್ಲು. ಮೇಲೆ 1722 ಅಂತ ಬರೆದಿದೆ. ಇಡೀ ಬ್ರಿಟನ್ನಿನಲ್ಲಿ ಮಾಟಗಾತಿ ಅಂತ ಕಾನೂನಿನಡಿ ಕೊಂದ ಕೊನೆಯ ಹೆಂಗಸಿನ ಜಾಗ.

ಜಾನೆಟ್ ಹಾರ್ನ್ ಅಂತಾರೆ ಅವಳನ್ನು. ಆದರೆ ಉತ್ತರದ ಕಡೆ ಮಾಟಗಾತಿಯರಿಗೆಲ್ಲ ಸುಮ್ನೆ ಕರೆಯುತ್ತಿದ್ದ ಹೆಸರಂತೆ ಅದು. ಅವಳ ನಿಜವಾದ ಹೆಸರು ಉಳಿದಿಲ್ಲ. ಇಸವಿಯೂ 1727 ಅನ್ನುವವರೇ ಜಾಸ್ತಿ. ಮಗಳ ಕೈಕಾಲು ಸೊಟ್ಟಗಿದ್ದವು. ತಾಯಿ ಅವಳನ್ನು ಕುದುರೆ ಮಾಡಿಕೊಂಡು, ಸೈತಾನನಿಂದ ಲಾಳ ಹೊಡೆಸಿ ಸವಾರಿ ಮಾಡಿದಳು ಅಂತ ನೆರೆಯವರ ದೂರು. ಮಗಳು ತಪ್ಪಿಸಿಕೊಂಡಳು. ತಾಯಿಗೆ ಅರಳುಮರಳು. ಸುಡಲು ಹಚ್ಚಿದ ಬೆಂಕಿಗೆ ಕೈ ಚಾಚಿ, ಚಳಿ ಕಾಯಿಸಿಕೊಂಡಳು ಅಂತ ಊರಲ್ಲಿ ಹೇಳುತ್ತಾರೆ.

ಇಲ್ಲಿ ‘ಇನ್ಯಾರಿದ್ದರು’ ಅಂತ ಕೇಳಿರಲಿಕ್ಕಿಲ್ಲ, ಕೇಳಿದರೂ ಅವಳಿಗೆ ಅರ್ಥ ಆಗಿರಲಿಕ್ಕಿಲ್ಲ.

ಕಾಫಿ ಅಂಗಡಿಯಲ್ಲಿ ಕೂತಾಗ ಸಿಂಧು ಕೇಳಿದಳು, “ಸರ್ಕಾರ ಸಾರಿ ಕೇಳಿತಲ್ಲ ಚಿಕ್ಕಿ?” ಹೌದು, ಕೇಳಿತು. 2022ರ ಮಾರ್ಚ್ 8ರಂದು ಆಗಿನ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. ಅದೇ ಮೇ ತಿಂಗಳಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಕೂಡ. ವಕೀಲೆ ಕ್ಲೇರ್ ಮಿಚೆಲ್ ಮತ್ತು ಲೇಖಕಿ ಜೋಯಿ ವೆಂಡಿಟೊಜ್ಜಿ 2020ರಿಂದ ಬೆನ್ನು ಹತ್ತಿದ್ದರ ಫಲ ಅದು. ಅವರು ಕೇಳಿದ್ದು ಮೂರು: ಕ್ಷಮೆ, ಕಾನೂನಿನ ಪ್ರಕಾರ ಕ್ಷಮಾದಾನ, ಒಂದು ರಾಷ್ಟ್ರೀಯ ಸ್ಮಾರಕ. ಸಿಕ್ಕಿದ್ದು ಮೊದಲನೆಯದು.

“1736ರಲ್ಲಿ ಕಾನೂನು ಹೋದಾಗ ಎಲ್ಲರೂ ಉಸಿರು ಬಿಟ್ಟಿರಬೇಕು ಅಲ್ವಾ?”

ಎಲ್ಲರೂ ಅಲ್ಲ. ಚರ್ಚಿನಿಂದ ಸಿಡಿದು ಬೇರೆಯಾಗಿದ್ದ ಒಂದು ಪಂಗಡದ ಪಾದ್ರಿಗಳು 1743ರಲ್ಲಿ ದೇಶ ಮಾಡಿದ ಪಾಪಗಳ ಪಟ್ಟಿ ಬರೆದರು. ಮಾಟದ ಕಾನೂನು ತೆಗೆದುಹಾಕಿದ್ದೂ ಅದರಲ್ಲಿ ಒಂದು ಅಂತ ಸೇರಿಸಿದರು. ಸಿಂಧುಗೆ ನಗು ತಡೆಯಲಾಗಲಿಲ್ಲ. ಪಕ್ಕದ ಟೇಬಲ್ಲಿನ ಗಾಲ್ಫ್ ಆಟಗಾರರು ತಿರುಗಿ ನೋಡಿದರು. ಬಿಲ್ಲು ಕೊಟ್ಟು ಹೊರಟೆವು, ಲೀತ್‌ಗೆ ಐದು ಗಂಟೆ ದಾರಿ ಇತ್ತು.